ಕಣ್ಣು ನಿಲ್ಲುವ ಜಾಗ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಅವಳನ್ನು ಆ ಕಸುಬಿನವರೆಲ್ಲ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಅವಳು ಮೊದಲಿನಿಂದಲೂ ಬಣ್ಣ ಹಾಕುವವಳು. ಗೆರೆ ಎಳೆಯುವವರು ಬೇರೆ ಇದ್ದರು. ಅವರಿಗೆ ಗೆರೆ ಮೇಷ್ಟ್ರು ಎಂದು ಹೆಸರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಎತ್ತರದ ಆಳು, ಮಾತು ಕಡಿಮೆ, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. ಅಷ್ಟಕ್ಕೇ ಆ ಹೆಸರು ಅಂಟಿಕೊಂಡುಬಿಟ್ಟಿತ್ತು.

ಸ್ಟುಡಿಯೊದ ಕಿಟಕಿಗೆ ತಾಗಿದಂತೆ ಒಂದು ಉದ್ದನೆಯ ಮೇಜು. ಒಂದು ತುದಿಗೆ ಅವರ ಪರದೆ, ಇನ್ನೊಂದು ತುದಿಗೆ ಇವಳದು. ಕಾಗದವಿಲ್ಲ, ಕುಂಚವಿಲ್ಲ, ಕೈಯಲ್ಲಿ ಪ್ಲಾಸ್ಟಿಕ್ ಪೆನ್ನು, ಎದುರಿಗೆ ಬರೆದದ್ದು ಬರೆದ ಹಾಗೇ ಮೂಡುವ ಗಾಜು. ಮೇಷ್ಟ್ರು ಗೆರೆ ಮುಗಿಸಿ ಫೈಲು ಕಳಿಸಿದರೆ ಇವಳು ತೆರೆದು ಬಣ್ಣ ತುಂಬುವಳು. ಕಂಪ್ಯೂಟರಿನ ಚಿತ್ರವೆಂದರೆ ಒಂದರ ಮೇಲೊಂದು ಹಾಸಿದ ತೆಳು ಹಾಳೆಗಳಿದ್ದ ಹಾಗೆ. ಆ ಹಾಳೆಗಳಿಗೆ ಲೇಯರ್ ಅನ್ನುತ್ತಾರೆ, ಗುರುತಿಗೆ ಒಂದೊಂದಕ್ಕೂ ಹೆಸರು ಕೊಡುತ್ತಾರೆ. ಮೇಷ್ಟ್ರ ಬಾಯಲ್ಲಿ ಬಾರದ ಮಾತೆಲ್ಲ ಆ ಹೆಸರುಗಳಲ್ಲಿ ಬರುತ್ತಿತ್ತು. 'ಇದನ್ನು ಮುಟ್ಟಿದರೆ ಜೋಕೆ', 'ಈ ಮರ ನನಗೂ ಹಿಡಿಸಿಲ್ಲ', 'ಆನೆ ಕೊಂಚ ಬಡಕಲಾಗಿದೆ, ಹೊಂದಿಸಿಕೊಳ್ಳಿ'. ಒಮ್ಮೆ ಖಾಲಿ ಹಾಳೆಯೊಂದಕ್ಕೆ 'ಆಕಾಶ, ಪೂರ್ತಿ ನಿಮ್ಮದು' ಎಂದು ಹೆಸರಿಟ್ಟು ಕಳಿಸಿದ್ದರು. ಆವತ್ತು ಬಣ್ಣದಕ್ಕ ಒಂದು ಆಕಾಶಕ್ಕೆ ಇಡೀ ಮಧ್ಯಾಹ್ನ ತೆಗೆದುಕೊಂಡಳು.

ಇಬ್ಬರ ನಡುವೆ ಏನಿದೆ ಎಂದು ಯಾರಾದರೂ ಕೇಳಿದ್ದರೆ ಇಬ್ಬರೂ 'ಕೆಲಸ' ಎನ್ನುತ್ತಿದ್ದರು. ಅದು ಸುಳ್ಳೂ ಆಗಿರುತ್ತಿರಲಿಲ್ಲ. ಮೇಷ್ಟ್ರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ದೂರದ ಊರಿನಲ್ಲಿ ಸಂಸಾರ ಹೂಡಿದ್ದಳು. ಬಣ್ಣದಕ್ಕನಿಗೆ ಮದುವೆಯ ಮಾತು ಬರುವ ವಯಸ್ಸಿನಲ್ಲಿ ಅಮ್ಮ ಹಾಸಿಗೆ ಹಿಡಿದರು, ಅಮ್ಮ ಹೋದಮೇಲೆ ಅಪ್ಪನ ಮಂಡಿಗಳು ಕೈಕೊಟ್ಟವು, ಆಮೇಲೆ ಮದುವೆಯ ಮಾತು ಬರುವುದೇ ನಿಂತುಹೋಯಿತು. ದಿನಾ ಸಂಜೆ ಇಬ್ಬರೂ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆಯುವರು. ಮೇಷ್ಟ್ರ ಬಸ್ಸು ಮೊದಲು ಬಂದರೆ ಅವರು ಹತ್ತುತ್ತಿರಲಿಲ್ಲ. "ಇದು ತುಂಬಿದೆ, ಮುಂದಿಂದಕ್ಕೆ ಹೋಗ್ತೀನಿ" ಎನ್ನುವರು. ನಾಲ್ಕು ಜನರೂ ಇಲ್ಲದ ಬಸ್ಸನ್ನು ತುಂಬಿದೆ ಎಂದು ಬಿಟ್ಟದ್ದುಂಟು. ಬಣ್ಣದಕ್ಕ ಆ ಖಾಲಿ ಸೀಟುಗಳ ಕಡೆ ನೋಡಿಯೂ ನೋಡದ ಹಾಗೆ, "ಹೌದು, ಈಗೀಗ ಬಸ್ಸಲ್ಲಿ ಕಾಲಿಡೋಕಾಗಲ್ಲ" ಎನ್ನುವಳು.

ಹಾಗಿರುವಾಗ ಮೇಷ್ಟ್ರ ಬಲಗೈ ನಡುಗಲು ಶುರುವಾಯಿತು. ಅದು ಮೊದಲು ಗೊತ್ತಾದದ್ದು ಇವಳಿಗೆ, ಅದೂ ಗೆರೆಯಲ್ಲಿ. ಕುದುರೆಯೊಂದರ ಬೆನ್ನು ಒಂದೇ ಎಳೆತಕ್ಕೆ ಬರಬೇಕಾದದ್ದು, ನೀರಿನಲ್ಲಿ ನೋಡಿದ ಹಾಗೆ ಅದುರಿಕೊಂಡು ಬಂದಿತ್ತು. ಇವಳು ಚಿತ್ರವನ್ನು ಹಿಗ್ಗಿಸಿಕೊಂಡು, ಅವರ ಗೆರೆಯ ಮೇಲೆ ತನ್ನ ಗೆರೆ ಎಳೆದು, ಆ ಅದುರನ್ನು ಬಣ್ಣದೊಳಗೆ ಮುಚ್ಚಿಬಿಟ್ಟಳು. ಮುಂದಿನ ಚಿತ್ರಕ್ಕೂ ಹಾಗೇ ಮಾಡಿದಳು, ಅದರ ಮುಂದಿನದಕ್ಕೂ. ಮೇಷ್ಟ್ರಿಗೆ ಇದು ಗೊತ್ತಿಲ್ಲ ಎಂದೇ ಅವಳ ಎಣಿಕೆ. ಒಂದು ದಿನ ಅವರು ಚಹಾದ ಲೋಟ ಹಿಡಿದು ಬೆನ್ನ ಹಿಂದೆ ಬಂದು ನಿಂತದ್ದು ಅವಳ ಅರಿವಿಗೆ ಬರಲಿಲ್ಲ. ಪರದೆಯ ಮೇಲೆ ಅವರ ನಡುಗುವ ಗೆರೆ, ಅದರ ಮೇಲೆ ಅರ್ಧ ಎಳೆದ ಇವಳ ಗೆರೆ. ಲೋಟವನ್ನು ಅವಳ ಪಕ್ಕದಲ್ಲಿಟ್ಟು, "ಸಾಕು ಬಿಡಿ" ಎಂದಷ್ಟೇ ಹೇಳಿ ತಮ್ಮ ಜಾಗಕ್ಕೆ ಹೋದರು.

ಸ್ವಲ್ಪ ದಿನಕ್ಕೆಲ್ಲ ಅವರು ಕೆಲಸ ಬಿಟ್ಟು ಮಗಳ ಊರಿಗೆ ಹೊರಟರು. ಕೊನೆಯ ದಿನ ಇಬ್ಬರೂ ಆಡಿದ್ದು ಇಷ್ಟು ಮಾತು.

"ಹಳೇ ಫೈಲೆಲ್ಲ ನಿಮ್ ಕಂಪ್ಯೂಟರಿಗೆ ಹಾಕಿದೀನಿ."

"ಸರಿ."

"ಕಂಪ್ಯೂಟರಲ್ಲಿ ನಾನು ಮಾಡ್ಕೊಂಡಿದ್ದ ಬ್ರಷ್‌ಗಳನ್ನೂ ಹಾಕಿದೀನಿ. ಬೇಕಾದ್ರೆ ಬಳಸ್ಕೊಳ್ಳಿ."

"ಸರಿ. ಕೊಡೆ ಬಿಟ್ಟುಹೋಗ್ತಿದೀರಿ ನೋಡಿ."

"ಹೌದಲ್ಲ."

ಆವತ್ತು ಬಸ್ ಸ್ಟಾಪಿನಲ್ಲಿ ಮೇಷ್ಟ್ರು ಮೊದಲು ಬಂದ ಬಸ್ಸಿಗೇ ಹತ್ತಿದರು.

ಆಮೇಲೆ ಬಣ್ಣದಕ್ಕ ಸ್ಟುಡಿಯೊ ಬಿಟ್ಟು ಮನೆಯಲ್ಲೇ ಕೆಲಸ ಮಾಡತೊಡಗಿದಳು. ಅಪ್ಪ ದರ್ಜಿಯಾಗಿದ್ದವರು. ಅವರು ಹೊಲಿಗೆ ಬಿಟ್ಟಮೇಲೆ ಖಾಲಿ ಬಿದ್ದಿದ್ದ ಬಟ್ಟೆ ಕತ್ತರಿಸುವ ಮೇಜೇ ಇವಳ ಮೇಜಾಯಿತು. ಈಗ ಗೆರೆಯೂ ಅವಳದೇ, ಬಣ್ಣವೂ ಅವಳದೇ. ಅಪ್ಪ ಊರುಗೋಲು ಕುಟ್ಟಿಕೊಂಡು ಬಂದು ಹಿಂದೆ ನಿಂತು ನೋಡುವರು. ಯಾವ ಚಿತ್ರವಾದರೂ ಅವರ ತೀರ್ಪು ಒಂದೇ: "ಚೆನ್ನಾಗಿದೆ ಮಗಳೇ. ಆ ಮೂಲೇಲಿ ಇನ್ನೊಂದು ಹಕ್ಕಿ ಹಾಕು."

"ಅಪ್ಪಾ, ಇದು ಸಮುದ್ರದ ತಳ."

"ಹಾಗಾದ್ರೆ ಮೀನು ಹಾಕು. ಜಾಗ ಯಾಕೆ ದಂಡ ಮಾಡ್ತೀಯ?"

ಅಪ್ಪ ತಮಾಷೆಗೆ ಹೇಳಿದರೂ, ಬಣ್ಣದಕ್ಕ ನಿಜಕ್ಕೂ ಜಾಗ ದಂಡ ಮಾಡುವವಳಾಗಿರಲಿಲ್ಲ. ಪರದೆಯ ಮೇಲೆ ಯಾವುದನ್ನು ಬೇಕಾದರೂ ಹಿಗ್ಗಿಸಿ ಹಿಗ್ಗಿಸಿ ಬರೆಯಬಹುದು. ಕಾಗದದಲ್ಲಾದರೆ ಬೆರಳುಗುರಿನಷ್ಟು ಜಾಗದಲ್ಲಿ ಕೈ ಸೋಲುತ್ತದೆ, ಒಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತೇವೆ. ಇಲ್ಲಿ ಆ ಬೆರಳುಗುರಿನಷ್ಟನ್ನು ಗೋಡೆಯಷ್ಟು ಮಾಡಿಕೊಂಡು ಗುಂಡಿಯ ತೂತಿನ ದಾರವನ್ನೂ ಬರೆಯಬಹುದು. ಅವಳು ಬರೆಯುತ್ತಿದ್ದಳು ಕೂಡ. ಎಲ್ಲವನ್ನೂ ಅಷ್ಟೇ ಅಕ್ಕರೆಯಿಂದ. ಮೊದಲಾದರೆ ಅವಳ ಅಕ್ಕರೆಗೆ ಮೇಷ್ಟ್ರ ಗೆರೆ ಒಂದು ಅಂಕೆ ಹಾಕುತ್ತಿತ್ತು, ಈಗ ಹಾಕುವವರಿರಲಿಲ್ಲ.

ಆ ಹೊತ್ತಿಗೆ ಒಂದು ಪುಸ್ತಕ ಬಂತು. ಕತೆ ಚಿಕ್ಕದು. ಹೊಳೆಯ ಆಚೆ ದಡದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಮ್ಮನಿಗಾಗಿ ಪುಟ್ಟ ಹುಡುಗಿಯೊಬ್ಬಳು ದಿನಾ ಸಂಜೆ ದೋಣಿಕಟ್ಟೆಯಲ್ಲಿ ಕಾಯುತ್ತಾಳೆ. ಒಂದು ಸಂಜೆ ಹೊಳೆ ದಾಟಿಸುವ ಲಾಂಚು ತಡವಾಗುತ್ತದೆ, ಇನ್ನೂ ತಡವಾಗುತ್ತದೆ, ಕೊನೆಗೆ ಬರುತ್ತದೆ. ಕೊನೆಯ ಎರಡು ಪುಟ ಸೇರಿ ಒಂದೇ ಚಿತ್ರ, ಅಲ್ಲಿ ಒಂದು ಅಕ್ಷರವೂ ಇಲ್ಲ. ಲಾಂಚಿನಿಂದ ಇಳಿಯುವ ಜನಜಂಗುಳಿ, ಆ ಜಂಗುಳಿಯಲ್ಲಿ ಆ ಹುಡುಗಿ. ನೋಡಿದವರ ಕಣ್ಣು ಮೊದಲು ಅವಳ ಮೇಲೇ ಬಿದ್ದು ಅಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ಅಷ್ಟು ಹೊತ್ತು ಕಾದದ್ದಕ್ಕೆ ಅರ್ಥವೇ ಇಲ್ಲ.

ಬಣ್ಣದಕ್ಕ ಕಟ್ಟೆಯ ಒಂದೊಂದು ಹಲಗೆ ಬರೆದಳು, ಹಲಗೆಯ ಮೊಳೆ ಬರೆದಳು, ಸಾಮಾನಿನ ಬುಟ್ಟಿ, ಸೈಕಲ್ಲು, ನಿದ್ದೆ ಹೋದ ಕೂಸು, ಟಿಕೆಟ್ ಕಿಟಕಿಯ ಮಸುಕು ಗಾಜು, ಎಲ್ಲ ಬರೆದಳು. ನಡುವೆ ಹುಡುಗಿಯನ್ನೂ ಬರೆದು ಪ್ರಕಾಶನದ ಕಲಾ ಸಂಪಾದಕಿಗೆ ಕಳಿಸಿದಳು. ಸಂಪಾದಕಿ ಇವಳಿಗಿಂತ ಚಿಕ್ಕವಳು, ಬಾಯಿ ನೇರ, ಮನಸ್ಸು ಮೆತ್ತಗೆ.

"ಅಕ್ಕಾ, ಚಿತ್ರ ಅದ್ಭುತ" ಎಂದಳು ಫೋನಿನಲ್ಲಿ. "ಆದ್ರೆ ನನ್ನ ಕಣ್ಣು ಸಂತೇಲಿ ತಪ್ಪಿಸಿಕೊಂಡ ಮಗು ಥರ ಅಲೀತಾ ಇದೆ. ಎಲ್ಲಿ ನಿಲ್ಲಿಸ್ಲಿ?"

ಬಣ್ಣದಕ್ಕ ಹುಡುಗಿಗೆ ಕೆಂಪು ಲಂಗ ತೊಡಿಸಿದಳು. ಸುತ್ತಲಿನವರ ಬಣ್ಣವನ್ನೆಲ್ಲ ನೀಲಿಬೂದು ಛಾಯೆಗೆ ಇಳಿಸಿದಳು. "ಈಗ ಕಾಣ್ತಾಳಕ್ಕ" ಎಂದಳು ಸಂಪಾದಕಿ, "ಆದ್ರೆ ಸಿಗ್ನಲ್ ದೀಪದ ಥರ ಕಾಣ್ತಾಳೆ. ಕಣ್ಣು ಹೋಗುತ್ತೆ, ನಿಲ್ಲಲ್ಲ." ಬಣ್ಣದಕ್ಕ ಹುಡುಗಿಯ ಮೇಲೆ ಸಂಜೆಬಿಸಿಲಿನ ಒಂದು ಕೋಲು ಬೀಳಿಸಿದಳು. "ಸರ್ಕಸ್ಸಿನವಳಾದಳು." ಸುತ್ತಲಿನದೆಲ್ಲ ಮಂಜು ಮಾಡಿದಳು. "ಅಯ್ಯೋ, ನನಗೆ ಕನ್ನಡಕದ ನಂಬರು ಬದಲಾಗಿದೆ ಅಂದ್ಕೊಂಡೆ." ಹಲಗೆಗಳ ಗೆರೆಯನ್ನೆಲ್ಲ ಹುಡುಗಿಯ ಕಡೆಗೇ ಓಡುವ ಹಾಗೆ ತಿರುಗಿಸಿದಳು. ಕಲಿಸುವವರು ಹೇಳುವ ಉಪಾಯಗಳೆಲ್ಲ ಅವಳಿಗೆ ಗೊತ್ತಿದ್ದವು, ಒಂದೊಂದಾಗಿ ಎಲ್ಲ ಮುಗಿದವು. ಕೊನೆಗೆ ಸಂಪಾದಕಿ, "ಒಂದ್ ಕೆಲಸ ಮಾಡಿ, ನೀವೇ ಆಫೀಸಿಗೆ ಬನ್ನಿ, ಎದುರಿಗೆ ಕೂತು ನೋಡೋಣ" ಎಂದಳು.

ಆಫೀಸಿನಲ್ಲಿ ಸಂಪಾದಕಿ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದಳು. ಆಚೆ ಕೋಣೆಯಿಂದ ಲೆಕ್ಕ ಬರೆಯುವವರನ್ನು ಕರೆದಳು, ಪುಸ್ತಕದ ಕಟ್ಟು ಕಟ್ಟುತ್ತಿದ್ದ ಹೆಂಗಸನ್ನು ಕರೆದಳು, ಬಾಗಿಲಲ್ಲಿ ಹಾದುಹೋಗುತ್ತಿದ್ದ ಅಚ್ಚಿನ ಮನೆಯ ಹಿರಿಯರನ್ನೂ ಕರೆದಳು.

"ಒಂದ್ ನಿಮಿಷ ಕಣ್ಮುಚ್ಚಿ. ಈಗ ತೆಗೀರಿ. ಮೊದಲು ಏನು ಕಂಡ್ತು? ಯೋಚಿಸಬೇಡಿ, ಹೇಳ್ಬಿಡಿ."

"ಆ ಉದ್ದ ಮನುಷ್ಯ" ಎಂದರು ಲೆಕ್ಕದವರು.

"ಹೂಂ, ಕಂಬದ ಹತ್ರ ಇರೋರು" ಎಂದಳು ಕಟ್ಟು ಕಟ್ಟುವ ಹೆಂಗಸು. "ಪಾಪ, ಯಾರಿಗೆ ಕಾಯ್ತಾ ಇದ್ದಾರೋ."

ಅಚ್ಚಿನ ಮನೆಯ ಹಿರಿಯರು ಹತ್ತಿರ ಹೋಗಿ ಬಗ್ಗಿ ನೋಡಿದರು. "ಇವರಿಗೆ ಮೈ ಸರಿಯಿಲ್ವಾ? ಬಲಗೈ ಜೇಬಿಂದ ಆಚೆ ತೆಗೆಯೋಕೇ ಅಂಜ್ತಾ ಇದ್ದಾರಲ್ಲ."

ಬಣ್ಣದಕ್ಕ ಗೋಡೆಯ ಕಡೆ ನೋಡಿದಳು. ಚಿತ್ರದ ಬಲಗಡೆಗೆ, ಕಂಬಕ್ಕೆ ಒರಗಿದಂತೆ ಮೇಷ್ಟ್ರು ನಿಂತಿದ್ದರು. ಅವರನ್ನು ತಾನೇ ಬರೆದದ್ದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಎಲ್ಲ ಗುಂಪಿನ ಚಿತ್ರದಲ್ಲೂ ಎಲ್ಲೋ ಒಂದು ಕಡೆ ಅವರನ್ನು ನಿಲ್ಲಿಸುವುದು ಅವಳಿಗೆ ಅಭ್ಯಾಸವಾಗಿತ್ತು, ಅಂಗಡಿಗೆ ಹೋದಾಗ ಮನೆಯವರಿಗೆಲ್ಲ ಒಂದೊಂದು ತರುವ ಹಾಗೆ. ಆದರೆ ಇಷ್ಟು ಬರೆದಿದ್ದೇನೆ ಎಂದು ತಿಳಿದಿರಲಿಲ್ಲ. ಇಡೀ ಚಿತ್ರದ ಅತಿ ಕಪ್ಪು ಅವರ ಕೋಟಿನಲ್ಲಿತ್ತು, ಅತಿ ಬೆಳಕು ಅವರ ಬೆನ್ನ ಹಿಂದಿನ ನೀರಿನಲ್ಲಿ. ಕನ್ನಡಕದ ಮೇಲಿನಿಂದ ನೋಡುವ ಕಣ್ಣು, ಕಿವಿಯ ಹಿಂದಿನ ನರೆ, ಕುತ್ತಿಗೆಯ ಹತ್ತಿರ ಸರಿಯಾಗಿ ಕೂರದ ಕಾಲರು. ಹುಡುಗಿಯ ಮುಖಕ್ಕೆ ಇಷ್ಟು ಕಣ್ಣಿಟ್ಟು ಕೆಲಸ ಮಾಡಿರಲಿಲ್ಲ. ಸುತ್ತಲಿನದನ್ನೆಲ್ಲ ಮಂಜು ಮಾಡಿದಾಗಲೂ ಈ ಒಂದು ಹಾಳೆಯನ್ನು ಮುಟ್ಟಲು ಅವಳ ಕೈ ಒಪ್ಪಿರಲಿಲ್ಲ.

ಎಲ್ಲರೂ ಹೋದಮೇಲೆ ಸಂಪಾದಕಿ ಮೆಲ್ಲಗೆ ಕೇಳಿದಳು: "ಯಾರಕ್ಕ ಇವರು?"

"ಗುಂಪಿನವರು" ಎಂದಳು ಬಣ್ಣದಕ್ಕ.

ಸಂಪಾದಕಿ ಚಿತ್ರವನ್ನು ಗೋಡೆಯಿಂದ ಬಿಡಿಸಿ ಸುತ್ತಿ ಅವಳ ಕೈಗೆ ಕೊಟ್ಟಳು.

ಮನೆಗೆ ಬಂದವಳೇ ಬಣ್ಣದಕ್ಕ ಫೈಲು ತೆರೆದು ಆ ಹಾಳೆಯನ್ನು ಅಳಿಸಿಹಾಕಿದಳು. ಕಂಬ ಒಂದೇ ಉಳಿಯಿತು. ಚಿತ್ರವನ್ನು ಅಂಚೆಚೀಟಿಯಷ್ಟು ಕುಗ್ಗಿಸಿ, ಬಣ್ಣವೆಲ್ಲ ತೆಗೆದು ಕಪ್ಪುಬಿಳಿ ಮಾಡಿ ನೋಡಿದಳು. ಈಗ ಎಲ್ಲಿಯೂ ಏನೂ ಇರಲಿಲ್ಲ. ಹುಡುಗಿ ಆ ಬೂದು ಬಣ್ಣದಲ್ಲೇ ಒಂದು ಬೂದು ಚುಕ್ಕೆ. ಮೇಷ್ಟ್ರನ್ನು ತೆಗೆದರೆ ಹುಡುಗಿ ತಾನಾಗಿ ಕಾಣುತ್ತಾಳೆ ಎಂದುಕೊಂಡಿದ್ದಳು. ಹಾಗಾಗಲಿಲ್ಲ. ಅಪ್ಪ ಬಂದು ನೋಡಿ, "ಅಲ್ಲೊಬ್ಬರಿದ್ರಲ್ಲ, ಎಲ್ಲಿ ಹೋದ್ರು?" ಎಂದರು. ಇವಳು ಪರದೆಯನ್ನು ಆರಿಸಿ ಎದ್ದುಹೋದಳು.

ಮಾರನೆಯ ದಿನ ಸಂಜೆ, ಅಪ್ಪನಿಗೆ ಚಹಾ ಕೊಟ್ಟು, ಬಸ್ಸು ಹಿಡಿದು ಊರಾಚೆಯ ಹೊಳೆಯ ದೋಣಿಕಟ್ಟೆಗೆ ಹೋದಳು. ಬರೆಯುವ ಸಾಮಾನು ಏನೂ ಒಯ್ಯಲಿಲ್ಲ. ಕಟ್ಟೆಯ ಮೇಲೆ ಹಗ್ಗ ಸುತ್ತುವ ಗೂಟದ ಪಕ್ಕ ಕುಳಿತಳು. ನೀರಿನಿಂದ ಎಣ್ಣೆಯ ವಾಸನೆ, ಹಸಿ ಮರದ ವಾಸನೆ. ಕಾಯುವವರು ಅಲ್ಲೊಬ್ಬರು ಇಲ್ಲೊಬ್ಬರು ಸೇರುತ್ತಿದ್ದರು. ಮೂಟೆಯ ಮೇಲೆ ಕೂತು ಉಗುರು ಕಚ್ಚುವ ಹೆಂಗಸು, ಹೆಂಡತಿಗೆ ಕಾಯುತ್ತಿದ್ದಾನೆಂದು ಕಾಣುವ ಗಂಡಸು, ಫೋನಿನಲ್ಲಿ ಯಾರನ್ನೋ ಬೈಯುವ ಮುದುಕಿ. ಲಾಂಚು ದೂರದಲ್ಲಿರುವವರೆಗೆ ಎಲ್ಲರೂ ಅಲುಗಾಡುತ್ತಲೇ ಇದ್ದರು. ಎದ್ದರು, ಕೂತರು, ಕೊರಳು ಚಾಚಿದರು, ಬೈದರು. ಲಾಂಚು ಕಟ್ಟೆಗೆ ತಾಗಿ ಜನ ಇಳಿಯತೊಡಗಿದ ಕೂಡಲೇ ಕಾಯುವವರೆಲ್ಲ ಸ್ತಬ್ಧರಾದರು. ಇಳಿಯುವವರು ನೂಕುತ್ತ ತಳ್ಳುತ್ತ ಬರುತ್ತಿದ್ದರೆ ಇವರು ನಿಂತಲ್ಲೇ ನಿಂತರು. ರೆಪ್ಪೆ ಕೂಡ ಬಡಿಯಲಿಲ್ಲ. ಬಡಿದರೆ ಅಷ್ಟರಲ್ಲಿ ತಮ್ಮವರು ದಾಟಿಹೋಗಿಬಿಟ್ಟಾರೆಂಬ ಭಯ ಇದ್ದಂತಿತ್ತು. ಇಳಿಯುವವರೂ ಹಾಗೆ ನಿಂತವರಿಗೆ ತಾಗದೆ, ತಿಳಿದೋ ತಿಳಿಯದೆಯೋ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ನಿಂತವರ ಸುತ್ತ ಒಂದಿಷ್ಟು ಹಲಗೆ ಖಾಲಿ ಉಳಿಯುತ್ತಿತ್ತು.

ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಎತ್ತರದ ಒಬ್ಬರು ಇಳಿದರು. ಬಿಸಿಲು ಅವರ ಬೆನ್ನ ಹಿಂದಿತ್ತು. ಹೆಗಲಿಗೆ ಚೀಲ, ಕೊಂಚ ಬಾಗಿದ ನಡಿಗೆ. ಬಣ್ಣದಕ್ಕ ಯಾವಾಗ ಎದ್ದಳೋ ಅವಳಿಗೇ ಗೊತ್ತಿಲ್ಲ. ಹತ್ತಿರ ಬಂದಮೇಲೆ ನೋಡಿದರೆ ಯಾರೋ ಬೇರೆಯವರು, ಮೀಸೆಯವರು. ಅವರು ಇವಳನ್ನು ನೋಡಿ, ಪರಿಚಯವಿರಬಹುದೆಂದು ಅರೆಮನಸ್ಸಿನಿಂದ ತಲೆಯಾಡಿಸಿ ದಾಟಿಹೋದರು. ಆಗ ಅವಳಿಗೆ ತನ್ನ ಕಾಲಿನ ಅರಿವಾಯಿತು. ಹಿಮ್ಮಡಿಗಳು ನೆಲ ಬಿಟ್ಟು ಮೇಲೆದ್ದಿದ್ದವು. ಅವಳು ಕಾಲ್ಬೆರಳ ಮೇಲೆ ನಿಂತಿದ್ದಳು. ಎರಡೂ ಕೈ ಮುಷ್ಟಿ ಬಿಗಿದು ಸೀರೆಯ ನೆರಿಗೆಯನ್ನು ಹಿಡಿದಿದ್ದವು. ಉಸಿರು ಒಳಗೆ ಹೋದದ್ದು ಇನ್ನೂ ಹೊರಗೆ ಬಂದಿರಲಿಲ್ಲ. ಹಿಮ್ಮಡಿ ನೆಲಕ್ಕೆ ಇಳಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅದೇ ಗೂಟದ ಪಕ್ಕ ಕೂತು, ಕಟ್ಟೆ ಖಾಲಿಯಾಗುವವರೆಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದಳು. ಮೂಟೆಯ ಹೆಂಗಸು ಹೋಗುವಾಗ, "ಬರ್ಲಿಲ್ವಾ? ನಾಳೆ ಬರ್ತಾರೆ ಬಿಡಿ" ಎಂದಳು. ಬಣ್ಣದಕ್ಕ ತಲೆಯಾಡಿಸಿದಳು.

ಬೆಳಿಗ್ಗೆ ಅವಳು ಹಳೆಯ ಫೈಲು ತೆರೆಯಲೇ ಇಲ್ಲ. ಹೊಸದೊಂದು ಖಾಲಿ ಹಾಳೆ ತೆಗೆದುಕೊಂಡಳು. ಮೇಷ್ಟ್ರು ಕೆಲಸ ಶುರುಮಾಡುತ್ತಿದ್ದದ್ದು ಹೀಗೆ ಎಂಬುದು ನೆನಪಿತ್ತು. ಬಿಳಿಯ ನಡುವೆ ಯಾವುದು ಮುಖ್ಯವೋ ಅದೊಂದನ್ನೇ ಬರೆದು, ಕೈಕಟ್ಟಿ ಕೂತುಬಿಡುವರು. ಇವಳು ಯಾವತ್ತೂ ಸುತ್ತಲಿನಿಂದ ಶುರುಮಾಡಿ ನಡುವಿಗೆ ಬರುತ್ತಿದ್ದವಳು. ಈಗ ಹುಡುಗಿಯನ್ನು ಬರೆದಳು. ಮೊದಲು ಕಾಲ್ಬೆರಳು, ಎದ್ದ ಹಿಮ್ಮಡಿ, ಲಂಗದ ಅಂಚನ್ನು ಹಿಂಡಿದ ಮುಷ್ಟಿ, ಆಮೇಲೆ ಮುಖ. ಮುಖಕ್ಕೆ ಅವಳು ಕನ್ನಡಿ ನೋಡಬೇಕಾಗಲಿಲ್ಲ. ಅದು ಮುಗಿದಮೇಲೆ ಪೆನ್ನು ಕೆಳಗಿಟ್ಟು, ಅವರ ಹಾಗೇ ಕೈಕಟ್ಟಿ ಕೂತಳು.

ಆಮೇಲೆ ಒಬ್ಬೊಬ್ಬರನ್ನಾಗಿ ಜನರನ್ನು ಕರೆತಂದಳು. ಎಲ್ಲರೂ ಚಲಿಸುವವರು, ಕಾಲು, ಚೀಲ, ಸೆರಗು, ಸೈಕಲ್ಲಿನ ಚಕ್ರ ಎಲ್ಲ ಒಂದು ಕಡೆಗೆ ಹರಿಯುವಂತೆ. ಹುಡುಗಿಯ ಸುತ್ತ ಒಂದಿಷ್ಟು ಹಲಗೆಯನ್ನು ಯಾರಿಗೂ ಕೊಡಲಿಲ್ಲ. ಗುಂಡಿಯ ದಾರ ಬರೆಯಲು ಕೈ ತುರಿಸಿದಾಗ ಎದ್ದು ಹೋಗಿ ನೀರು ಕುಡಿದು ಬಂದಳು. ಅಮ್ಮನನ್ನು ಪೂರ್ತಿ ಬರೆಯಲಿಲ್ಲ. ಜನರ ಭುಜಗಳ ನಡುವಿನಿಂದ ಮೇಲೆದ್ದ ಒಂದು ಕೈ ಮಾತ್ರ ಸಾಕೆನಿಸಿತು. ಕೆಂಪು ಲಂಗ ಬೇಕಾಗಲಿಲ್ಲ, ಮಾಸಿದ ಹಳದಿಯದೇ ಸಾಕಾಯಿತು.

ಕೊನೆಗೆ ಕಂಬದ ಹತ್ತಿರ ಬಂದಳು. ಅಲ್ಲಿ ಮೇಷ್ಟ್ರನ್ನು ಮತ್ತೆ ನಿಲ್ಲಿಸಲಿಲ್ಲ. ಗುಂಪಿನೊಳಗೆ, ಇಬ್ಬರ ಹಿಂದೆ, ಬೆನ್ನು ಈ ಕಡೆ ಮಾಡಿ ಅವರನ್ನು ನಡೆಸಿದಳು. ಕೋಟಿಗೆ ಕಪ್ಪಿನ ಬದಲು ಗುಂಪಿಗೆಲ್ಲ ಹಚ್ಚಿದ ಬೂದು ಬಣ್ಣವನ್ನೇ ಹಚ್ಚಿದಳು. ಕುತ್ತಿಗೆಯ ಹತ್ತಿರ ಕಾಲರನ್ನು ಬರೆಯಲು ಹೋಗಿ ತಡೆದಳು. ಬೆನ್ನಿನ ಒಂದು ಗೆರೆ, ಒಂದು ಹೆಗಲು ತುಸು ಕೆಳಗೆ. ಅಷ್ಟನ್ನು ಬರೆದು, ಅಷ್ಟಕ್ಕೇ ನಿಲ್ಲಿಸುವುದು ಆ ಇಡೀ ಚಿತ್ರದಲ್ಲಿ ಅವಳಿಗೆ ಅತ್ಯಂತ ಕಷ್ಟದ ಕೆಲಸವಾಯಿತು. ಕಣ್ಣು ಮಂಜಾಗಿ ಎರಡು ಸಲ ಪೆನ್ನು ಜಾರಿತು.

ಸಂಪಾದಕಿಯ ಫೋನು ಮಧ್ಯಾಹ್ನ ಬಂತು.

"ಏನಾಯ್ತು? ಮತ್ತೆ ಸರ್ಕಸ್ಸಾ?" ಎಂದಳು ಬಣ್ಣದಕ್ಕ.

"ಇಲ್ಲಕ್ಕ. ನಮ್ಮಮ್ಮನಿಗೆ ಫೋನ್ ಮಾಡಿ ಬಂದೆ. ಅದಕ್ಕೇ ತಡ ಆಯ್ತು."

ಪುಸ್ತಕ ಅಚ್ಚಾಗಿ ಬಂತು. ಬಣ್ಣದಕ್ಕ ಒಂದು ಪ್ರತಿಯನ್ನು ಮೇಷ್ಟ್ರ ಮಗಳ ಮನೆಗೆ ಅಂಚೆಯಲ್ಲಿ ಕಳಿಸಿದಳು. ಜೊತೆಗೆ ಏನೂ ಬರೆಯಲಿಲ್ಲ. ಬರೆಯಲು ಕೂತರೆ ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ತಿಳಿಯಲಿಲ್ಲ. ಕಳಿಸಿದಮೇಲೆ ದಿನಗಳು ಹೋದವು. ತಲುಪಿರಲಿಕ್ಕಿಲ್ಲ ಎಂದುಕೊಂಡಳು. ತಲುಪಿ, ತೆರೆದು, ಮಡಚಿಟ್ಟಿರಬಹುದು ಎಂದೂ ಅಂದುಕೊಂಡಳು. ಒಂದು ಭಾನುವಾರ ಬೆಳಿಗ್ಗೆ, ಅವಳು ಬಟ್ಟೆ ಒಣಹಾಕುತ್ತಿರುವಾಗ, ಫೋನು ಬಂತು.

"ನಾನು" ಎಂದಿತು ದನಿ. ಇನ್ನೇನೂ ಹೇಳಬೇಕಾಗಿರಲಿಲ್ಲ.

"ಹೇಗಿದೀರಿ?" ಎಂದಳು. ಒದ್ದೆ ದಿಂಬಿನ ಚೀಲ ಇನ್ನೂ ಕೈಯಲ್ಲೇ ಇತ್ತು.

"ಇದ್ದೀನಿ. ಪುಸ್ತಕ ಬಂತು. ಗೆರೆ ನಿಮ್ಮದೇನಾ?"

"ನಂದೇ."

"ಆ ಹುಡುಗಿಯನ್ನ ಕಾಲ್ಬೆರಳ ಮೇಲೆ ನಿಲ್ಲಿಸಿದೀರಲ್ಲ. ನನಗೆ ಅದು ಹೊಳೀತಿರ್ಲಿಲ್ಲ. ನಾನಾಗಿದ್ರೆ ಕೈ ಮೇಲೆತ್ತಿಸಿ ಕೂಗಿಸಿಬಿಡ್ತಿದ್ದೆ." ಅವರು ನಕ್ಕ ಸದ್ದು ಕೇಳಿಸಿತು. "ಮೊಮ್ಮಗಳು ದಿನಾ ಅದೇ ಪುಟ ತೆಗೆಸ್ತಾಳೆ. ಹುಡುಗೀನ ನೋಡಿ ಆದ್ಮೇಲೆ ಗುಂಪಲ್ಲಿ ಯಾರದೋ ಬೆನ್ನು ತೋರ್ಸಿ ಅಜ್ಜ ಅಂತಾಳೆ. ನಾನು ಅಲ್ಲಮ್ಮ ಅಂದ್ರೂ ಕೇಳಲ್ಲ."

ಬಣ್ಣದಕ್ಕ ದಿಂಬಿನ ಚೀಲದ ಅಂಚನ್ನು ಹಿಂಡಿದಳು.

"ಹೌದು ಅಂತ ಹೇಳ್ಲಾ ಅವಳಿಗೆ?" ಎಂದರು ಮೇಷ್ಟ್ರು.

"ಹೇಳಿ" ಎಂದಳು. ಆಮೇಲೆ ಮತ್ತೆ ಧೈರ್ಯ ಬರಲಿಕ್ಕಿಲ್ಲವೆಂದು ಒಂದೇ ಉಸಿರಿಗೆ ಕೇಳಿಬಿಟ್ಟಳು: "ನಾನು ನಿಮ್ಮ ಗೆರೆ ಮೇಲೆ ಗೆರೆ ಎಳೀತಿದ್ದದ್ದಕ್ಕೆ ಬೇಜಾರಾಗಿ ಹೋದ್ರಾ?"

"ಬೇಜಾರಾ?" ಅವರ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಅದು ನನಗೆ ಮೊದಲ ಕುದುರೇಲೇ ಗೊತ್ತಾಗಿತ್ತು. ಗೊತ್ತಾಗಿಯೂ ಸುಮ್ನಿದ್ದೆ. ಬೆಳಿಗ್ಗೆ ನೀವು ಬರೋಕೆ ಮುಂಚೆ ಬಂದು ನಿಮ್ಮ ಫೈಲು ತೆಗೆದು ನೋಡ್ತಿದ್ದೆ, ನಿನ್ನೆ ನನ್ನದು ಎಷ್ಟು ಉಳಿಸಿದೀರಿ, ಎಷ್ಟು ಮುಚ್ಚಿದೀರಿ ಅಂತ. ಒಂದೂ ಸುಳ್ಳು ಗೆರೆ ಇರ್ಲಿಲ್ಲ. ನನ್ನ ಕೈ ಚೆನ್ನಾಗಿದ್ದಾಗ ಹೇಗೆ ಎಳೀತಿದ್ನೋ ಹಾಗೇ ಇರ್ತಿತ್ತು."

"ಮತ್ತೆ ಸಾಕು ಬಿಡಿ ಅಂದ್ರಲ್ಲ."

"ನಿಮ್ಮ ಕೈಲಿ ಅಷ್ಟಿಟ್ಕೊಂಡು ನನ್ನದನ್ನ ತೇಪೆ ಹಾಕ್ತಾ ಕೂತಿದ್ರಿ. ನಾನು ಅಲ್ಲೇ ಕೂತಿದ್ರೆ ನೀವು ಕಡೇತನಕ ಅದನ್ನೇ ಮಾಡ್ತಿದ್ರಿ." ಸ್ವಲ್ಪ ತಡೆದು, "ಬಾಯಿ ಬಿಟ್ಟು ಹೇಳಬೇಕಾಗಿತ್ತು. ಅದೊಂದು ಬರಲ್ಲ ನನಗೆ" ಎಂದರು.

ಆಮೇಲೆ ಅವರು ಅಪ್ಪನ ಮಂಡಿಯನ್ನು ವಿಚಾರಿಸಿದರು. ಇವಳು ಅವರ ಕೈಯನ್ನು ವಿಚಾರಿಸಿದಳು. ಔಷಧಿ ನಡೀತಿದೆ, ಲೋಟ ಹಿಡಿಯೋಕೆ ಎರಡೂ ಕೈ ಬೇಕು, ಬರೆಯೋದು ಬಿಟ್ಟಿದೀನಿ, ನೋಡೋದು ಬಿಟ್ಟಿಲ್ಲ ಎಂದರು. ಅಲ್ಲಿ ಮನೆಯ ಎದುರಿಗೆ ಒಂದು ಉದ್ದನೆಯ ರಸ್ತೆಯಂತೆ, ಸಂಜೆ ಅದರ ಕೊನೆಯವರೆಗೆ ನಡೆದು ಬರುವರಂತೆ. "ಅಲ್ಲೊಂದು ಬಸ್ ಸ್ಟಾಪಿದೆ. ಕೂತ್ಕೊಳ್ತೀನಿ ಸ್ವಲ್ಪ ಹೊತ್ತು. ಹತ್ತೋದೇನಿಲ್ಲ" ಎಂದರು. ಮಗಳು ಕರೆಯುತ್ತಿದ್ದಾಳೆ ಎಂದರು. ಆದರೂ ಫೋನು ಇಡಲಿಲ್ಲ.

"ಒಂದ್ಸಲ ಬನ್ನಿ ಈ ಕಡೆ" ಎಂದರು ಕೊನೆಗೆ, ಬಹಳ ಮೆಲ್ಲಗೆ, ಕೇಳಿಸದಿದ್ದರೂ ನಡೆದೀತು ಎನ್ನುವ ಹಾಗೆ.

"ನೋಡೋಣ" ಎಂದಳು ಬಣ್ಣದಕ್ಕ. ಹೇಳಿದ ಕೂಡಲೇ ಆ ಮಾತು ಅವಳಿಗೆ ಸೇರಲಿಲ್ಲ. ಅಪ್ಪನ ಊಟ, ಅಪ್ಪನ ಮಾತ್ರೆ, ಮುಗಿಯದ ಕೆಲಸ, ಎಲ್ಲವೂ ಆ ಒಂದು ಮಾತಿನ ಹಿಂದೆ ಸಾಲಾಗಿ ನಿಂತದ್ದು ಕಂಡಿತು. ಫೋನು ಅಷ್ಟರಲ್ಲಿ ಸುಮ್ಮನಾಗಿತ್ತು.

"ಯಾರದು ಬೆಳಿಗ್ಗೆನೇ?" ಎಂದು ಒಳಗಿನಿಂದ ಅಪ್ಪ ಕೇಳಿದರು.

"ಹಳೇ ಆಫೀಸಿನವರಪ್ಪ."

ಬಟ್ಟೆಯನ್ನೆಲ್ಲ ಒಣಹಾಕಿದಳು. ಒಂದೊಂದನ್ನೂ ಕೊಡವಿ, ಅಂಚಿಗೆ ಅಂಚು ಕೂಡಿಸಿ, ಕ್ಲಿಪ್ಪು ಹಾಕಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಏನು ತಿಂದಳೆಂದು ಅವಳಿಗೆ ಗೊತ್ತಾಗಲಿಲ್ಲ. ಅಪ್ಪ ಎರಡು ಸಲ ಉಪ್ಪು ಕೇಳಿದರು, ಎರಡು ಸಲವೂ ನೀರು ಕೊಟ್ಟಳು. ಅವರು ನೀರು ಕುಡಿದು, "ಇದೂ ಚೆನ್ನಾಗೇ ಇದೆ" ಎಂದು ಸುಮ್ಮನಾದರು.

ಸಂಜೆ ಅಪ್ಪ ನಿದ್ದೆಯಿಂದ ಏಳುವ ಮೊದಲು ಬಣ್ಣದಕ್ಕ ಚಿಕ್ಕಮ್ಮನಿಗೆ ಫೋನು ಮಾಡಿದಳು. ಅಮ್ಮನ ತಂಗಿ, ಊರಿನ ಇನ್ನೊಂದು ತುದಿಯಲ್ಲಿ ಒಬ್ಬರೇ ಇದ್ದರು. ಯಾರ ಮನೆಯಲ್ಲಿ ಏನು ನಡೆದರೂ ಅದರ ಹಿಂದುಮುಂದು ತಿಳಿಯದೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಚಿಕ್ಕಮ್ಮಾ, ಸ್ವಲ್ಪ ದಿನ ಬಂದು ಅಪ್ಪನ ಜೊತೆ ಇರೋಕಾಗುತ್ತಾ?"

"ಯಾಕೆ? ನೀನೆಲ್ಲಿಗೆ ಹೊರಟೆ?"

ಕೆಲಸದ ಮೇಲೆ ಎಂದು ಹೇಳಲು ಬಾಯಿ ತೆರೆದಳು. ಹೇಳಲಿಲ್ಲ.

"ಒಬ್ಬರನ್ನ ನೋಡಬೇಕು ಚಿಕ್ಕಮ್ಮ" ಎಂದಳು.

ಆ ಕಡೆ ಚಿಕ್ಕಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು. ಯಾರು, ಎಲ್ಲಿಯವರು, ಎಂದಿನಿಂದ ಎಂದು ಇನ್ನು ಸಾಲಾಗಿ ಬರುತ್ತದೆ ಎಂದು ಬಣ್ಣದಕ್ಕ ಕಾದಳು.

"ಯಾವತ್ತು ಬರ್ಲಿ, ಹೇಳು" ಎಂದರು ಚಿಕ್ಕಮ್ಮ.